ಸದರಿಯವನು ಎತ್ತಿದ ಗುಂಡು: ತುಕ್ಕಾನಟ್ಟಿ ಸೀಮೆಯ ಬಲಮೀಮಾಂಸೆ

ಪೀಠಿಕೆ

ಘಟಪ್ರಭೆಯ ಸೀಮೆಯಲ್ಲಿ ಗಟ್ಟಿ ಆಳುಗಳಿಗೆ ಎಂದೂ ಬರ ಬಿದ್ದಿಲ್ಲ. ಬರ ಬಿದ್ದಿರುವುದು ಅವರನ್ನು ಕಣ್ಣಾರೆ ಕಂಡವರಿಗೆ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳ ಯಾವ ಊರ ಕಟ್ಟೆಗೆ ಹೋಗಿ ಕೂತರೂ ಅರ್ಧ ಕಪ್ ಚಹಾ ಮುಗಿಯುವುದರೊಳಗೆ ಅಂಥವನೊಬ್ಬನ ಸುದ್ದಿ ಎದ್ದೇ ಏಳುತ್ತದೆ. ಎರಿ ಹೊಲದಲ್ಲಿ ಹೂತ ಬಂಡಿಯನ್ನು ಒಬ್ಬನೇ ಎತ್ತಿ ದಂಡೆಗೆ ಇಟ್ಟ. ಜಾತ್ರೆಯ ಗುಂಡನ್ನು ಹೆಗಲ ಮೇಲೆ ಹೊತ್ತು ಹಿಂದಕ್ಕೆ ಒಗೆದ. ಎತ್ತು ಮಲಗಿದ ದಿನ ನೊಗಕ್ಕೆ ತಾನೇ ಹೆಗಲು ಕೊಟ್ಟ. ಒಂದು ಹೊತ್ತಿಗೆ ನಲವತ್ತು ರೊಟ್ಟಿ ಉಂಡ. ಹೇಳುವವನು ಇದ್ಯಾವುದನ್ನೂ ನೋಡಿಲ್ಲ. ಅವನ ಅಪ್ಪ ನೋಡಿದ್ದ. ಅಪ್ಪ ಇನ್ನೂ ಇದ್ದು ನಾವು ಅವನನ್ನೇ ಹುಡುಕಿಕೊಂಡು ಹೋದರೆ ಆತ ಗೋಡೆಯ ಮೇಲಿನ ತನ್ನ ಅಪ್ಪನ ಫೋಟೋದ ಕಡೆ ಕೈ ತೋರಿಸುತ್ತಾನೆ. ಫೋಟೋ ಏನೂ ಹೇಳುವುದಿಲ್ಲ. ಬಲಮೀಮಾಂಸೆಯ ಮೊದಲ ಸೂತ್ರ ಇಲ್ಲಿಯೇ ಸಿದ್ಧವಾಗುತ್ತದೆ: ಸಾಕ್ಷಿ ಯಾವಾಗಲೂ ಒಂದು ತಲೆಮಾರು ಮೇಲಿರುತ್ತಾನೆ.

ನಾಯಕನ ಹೆಸರಿನ ವಿಷಯದಲ್ಲಿ ಪಾಠಾಂತರಗಳು ವಿಪುಲ. ಒಂದೇ ಸಾಹಸವನ್ನು ಗೋಕಾಕದ ಕಡೆಯವರು ಒಬ್ಬನ ಹೆಸರಿಗೆ, ಹುಕ್ಕೇರಿಯ ಕಡೆಯವರು ಇನ್ನೊಬ್ಬನ ಹೆಸರಿಗೆ ಜಮಾ ಮಾಡುತ್ತಾರೆ. ಎಷ್ಟೋ ಸಲ ಹೆಸರೇ ಇಲ್ಲ, ಬರೀ ‘ಅಂವ’. ಹೀಗಾಗಿ ಸರ್ಕಾರಿ ಅರ್ಜಿಗಳ ಭಾಷೆಯನ್ನು ಅನುಸರಿಸಿ ನಾಯಕನನ್ನು ಈ ಪ್ರಬಂಧದುದ್ದಕ್ಕೂ ‘ಸದರಿಯವನು’ ಎಂದು ಕರೆಯಲಾಗಿದೆ. ಸದರಿಯವನು ಹುಟ್ಟುವಾಗ ಮುಂಬಯಿ ಪ್ರಾಂತ್ಯದ ಪ್ರಜೆ. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬಂದ. 1973ರಲ್ಲಿ ಕರ್ನಾಟಕದವನಾದ. ಗೋಕಾಕ ತಾಲೂಕಿನವನಾಗಿದ್ದವನು ಮೂಡಲಗಿ ಹೊಸ ತಾಲೂಕಾದ ಮೇಲೆ ಆ ಕಡೆ ಲೆಕ್ಕಕ್ಕೆ ಬಿದ್ದ. ಇಷ್ಟೆಲ್ಲ ಆದರೂ ಆಸಾಮಿ ಊರ ಕಟ್ಟೆ ಬಿಟ್ಟು ಒಂದು ಹೆಜ್ಜೆ ಕದಲಿಲ್ಲ. ಬಲಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೆನ್ನುವವರು ಮುಂದೆ ಓದಬಹುದು.

ತುಕ್ಕಾನಟ್ಟಿಯನ್ನೇ ಕೇಂದ್ರವಾಗಿ ಆರಿಸಿಕೊಂಡದ್ದಕ್ಕೆ ಕಾರಣ ಶುದ್ಧ ವೈಜ್ಞಾನಿಕ: ಅಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ‘ನಮ್ಮ ಮಣ್ಣ ಗಟ್ಟಿ, ಅದಕ್ಕ ನಮ್ಮ ಮಂದೀನೂ ಗಟ್ಟಿ’ ಎಂಬ ಜನಪ್ರಿಯ ವಾದವನ್ನು ಮಣ್ಣು ಪರೀಕ್ಷೆಯ ಚೀಟಿ ಹಿಡಿದು ನೋಡುವ ಅನುಕೂಲ ಬೇರೆ ಎಷ್ಟು ಊರುಗಳಿಗಿದೆ? ಚೀಟಿಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಎಂದೆಲ್ಲ ಇರುತ್ತದೆ, ‘ಗಟ್ಟಿತನ’ ಎಂಬ ಕಾಲಂ ಮಾತ್ರ ಇರುವುದಿಲ್ಲ. ಇದು ವಿಜ್ಞಾನದ ಮಿತಿ, ಮಣ್ಣಿನದ್ದಲ್ಲ. ಊರ ಹೆಸರಿನ ವ್ಯುತ್ಪತ್ತಿಯನ್ನು ಬೇಕೆಂದೇ ಬಿಡಲಾಗಿದೆ. ಸ್ಥಳನಾಮಕ್ಕೆ ಕೈ ಹಾಕಿದ ವಿದ್ವಾಂಸರು ಬಹಳ ಮಂದಿ ಇನ್ನೂ ಅಲ್ಲಿಂದ ವಾಪಸು ಬಂದಿಲ್ಲ.

ಅಧ್ಯಾಯ 1: ಆಕರಗಳು, ಅಥವಾ ಅವು ಇಲ್ಲದಿರುವುದು

ಗ್ರೀಸ್ ದೇಶದ ಒಲಿಂಪಿಯಾದಲ್ಲಿ ಮರಳುಗಲ್ಲಿನ ಒಂದು ಗುಂಡು ಸಿಕ್ಕಿದೆ. ತೂಕ 143.5 ಕಿಲೋ, ಕಾಲ ಕ್ರಿ.ಪೂ. 6ನೇ ಶತಮಾನ. ಬೈಬನ್ ಎಂಬವನು ತನ್ನನ್ನು ಒಂದೇ ಕೈಯಲ್ಲಿ ತಲೆಯ ಮೇಲೆತ್ತಿದ ಎಂದು ಆ ಕಲ್ಲಿನ ಮೇಲೆ ಕಲ್ಲೇ ಹೇಳಿಕೊಂಡಿರುವ ಬರಹವಿದೆ. ಎತ್ತಿದವನು, ಎತ್ತಿಸಿಕೊಂಡದ್ದು, ಎತ್ತಿದ ಬಗೆ, ಮೂರೂ ಒಂದೇ ಕಡೆ. ಇಂಥ ಸೌಭಾಗ್ಯ ಕನ್ನಡ ಸಂಶೋಧಕನ ಹಣೆಯಲ್ಲಿ ಬರೆದಿಲ್ಲ.

ಶಾಸನಕ್ಕೆ ಈ ನಾಡಿನಲ್ಲಿ ಕೊರತೆ ಇದೆಯೇ? ಯಾರು ಯಾವ ಬಸದಿಗೆ ಎಷ್ಟು ಮತ್ತರು ಭೂಮಿ ಬಿಟ್ಟರು, ಯಾವ ಕೋಲಿನಿಂದ ಅಳೆದರು, ಅದನ್ನು ಅಳಿದವನು ಯಾವ ನರಕಕ್ಕೆ ಹೋಗುತ್ತಾನೆ ಎಂಬುದೆಲ್ಲ ಕಲ್ಲಿನಲ್ಲಿದೆ. ಕಲ್ಲು ಎತ್ತಿದವನ ಸುದ್ದಿ ಮಾತ್ರ ಕಲ್ಲಿನಲ್ಲಿಲ್ಲ. ವೀರಗಲ್ಲು ಬೇಕೆಂದರೆ ತುರುಗೋಳಿನಲ್ಲೋ ಊರಳಿವಿನಲ್ಲೋ ಸಾಯಬೇಕು. ಸತ್ತರೆ ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರ ಮೆರವಣಿಗೆ, ಮೇಲೆ ಶಿವನ ಸನ್ನಿಧಿ. ಗುಂಡು ಎತ್ತಿ, ಬೆವರು ಒರೆಸಿಕೊಂಡು, ಬದುಕಿ ಮನೆಗೆ ಹೋದವನಿಗೆ ಒಂದು ಗೆರೆಯೂ ಇಲ್ಲ. ಇನ್ನೂ ಹೊಟ್ಟೆ ಉರಿಸುವ ಸಂಗತಿ ಎಂದರೆ ಆತಕೂರಿನದು. ರಾಷ್ಟ್ರಕೂಟ ಮೂರನೆಯ ಕೃಷ್ಣ ತನ್ನ ಕಾಳಿ ಎಂಬ ನಾಯಿಯನ್ನು ಮಣಲೇರನಿಗೆ ಕೊಟ್ಟ. ಅದು ಕಾಡುಹಂದಿಯ ಮೇಲೆ ಬಿದ್ದು ಕಾದಾಡಿ ಸತ್ತಿತು. 10ನೇ ಶತಮಾನದ ಆ ನಾಯಿಗೆ ಕಲ್ಲು ನೆಟ್ಟರು, ಬರಹ ಕೊರೆದರು. ಕಾಳಿಯ ಶೌರ್ಯದ ಬಗ್ಗೆ ನಮಗೆ ಎಳ್ಳಷ್ಟೂ ಸಂದೇಹವಿಲ್ಲ. ಆದರೂ ಸದರಿಯವನ ವಂಶಸ್ಥರ ಎದುರು ಈ ವಿಷಯ ಎತ್ತಬಾರದೆಂದು ಮುಂದಿನ ಸಂಶೋಧಕರಿಗೆ ಸೂಚನೆ.

ಸಾಹಿತ್ಯದ ಆಕರವನ್ನಾದರೂ ನೋಡೋಣವೆಂದರೆ ಅಲ್ಲಿ ಬೇರೆ ಬಗೆಯ ಮೋಸ. ಮೂಡಲಗಿಯಿಂದ ಮೂಡಲಕ್ಕೆ ಹೋದರೆ ಮುಧೋಳ, ಆ ತಾಲೂಕಿನ ಬೆಳಗಲಿ ರನ್ನನ ಊರು. ಬಳೆಗಾರರ ಮನೆಯ ಹುಡುಗ ಚಾಳುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯಾಗಿ ‘ಸಾಹಸಭೀಮವಿಜಯ’ ಬರೆದ. ಅದರಲ್ಲಿ ಭೀಮನ ಪಾತ್ರ ಸಿಕ್ಕಿದ್ದು ಸತ್ಯಾಶ್ರಯ ಮಹಾರಾಜನಿಗೆ. ಊರು ಪಕ್ಕದಲ್ಲಿದೆ, ಕವಿ ಪಕ್ಕದವನು, ಗದೆ ಹಿಡಿಯುವ ಕೈಗಳು ಈ ಕಡೆ ಬೇಕಾದಷ್ಟಿದ್ದವು. ಆದರೂ ಪಾತ್ರ ಹೋದದ್ದು ಸಂಬಳ ಕೊಡುವವನಿಗೆ. ನಮ್ಮ ಎರಡನೇ ಸೂತ್ರ: ಬಲ ಹುಟ್ಟುವುದು ಹೊಲದಲ್ಲಿ, ಖಾತೆ ಬೀಳುವುದು ಅರಮನೆಯಲ್ಲಿ.

ಅಷ್ಟಕ್ಕೂ ದೊಡ್ಡ ಕಲ್ಲು ಕಂಡಲ್ಲೆಲ್ಲ ಅದನ್ನು ಮಂದಿಯ ಹೆಸರಿನಿಂದ ಕಿತ್ತು ಪಾಂಡವರ ಹೆಸರಿಗೆ ಬರೆಯುವುದು ನಮ್ಮ ಜನರ ಹಳೇ ಚಟ. ಗೋಕಾಕ ಫಾಲ್ಸಿನ ಹತ್ತಿರದ ಕೊಣ್ಣೂರಿನಲ್ಲಿ ಬೃಹತ್ ಶಿಲಾಸಮಾಧಿಗಳಿವೆ. ಇಂಥವನ್ನು ನಾಡಿನ ಉದ್ದಗಲಕ್ಕೂ ಪಾಂಡವರ ಮನೆ, ಮೋರಿಯರ ಮನೆ ಎನ್ನುತ್ತಾರೆ. ಚಪ್ಪಡಿಗೆ ಹಗ್ಗ ಕಟ್ಟಿ, ಮರದ ದಿಮ್ಮಿ ಉರುಳಿಸಿ, ‘ಹೈಸಾ’ ಎಂದವರು ಹತ್ತಾರು ಮಂದಿ ಇದ್ದಿರಲೇಬೇಕು. ಅವರೆಲ್ಲರ ಕೂಲಿಯನ್ನು ಭೀಮಸೇನ ಒಬ್ಬನೇ ತಿಂದ.

ಅಧ್ಯಾಯ 2: ಗುಂಡಿನ ತೂಕ ನಿರ್ಣಯ

ಮೊದಲು ಗುಂಡು ಎತ್ತುವುದನ್ನು ಹತ್ತಿರದಿಂದ ನೋಡಬೇಕು. ಈ ಕಡೆಯ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು, ಗುಂಡು, ಜೋಳದ ಚೀಲ, ಉಸುಕಿನ ಚೀಲ ಎತ್ತುವ ಪಂದ್ಯಗಳು ಇಂದಿಗೂ ನಡೆಯುತ್ತವೆ. ಅವುಗಳಲ್ಲಿ ಗುಂಡು ಅತ್ಯಂತ ನಿರ್ದಯಿ. ಹಿಡಿಯಲು ಅದಕ್ಕೆ ಮೂಲೆಯಿಲ್ಲ, ಹಿಡಿಕೆಯಿಲ್ಲ. ಎತ್ತುವವನು ಅಂಗೈಗೆ ಒಣ ಮಣ್ಣು ತಿಕ್ಕಿಕೊಳ್ಳುತ್ತಾನೆ. ಕಾಲು ಅಗಲಿಸಿ ಕುಕ್ಕರಗಾಲಲ್ಲಿ ಕೂತು ಗುಂಡಿನ ತಳಕ್ಕೆ ಬೆರಳು ತೂರಿಸುತ್ತಾನೆ. ಮೊದಲ ದಮ್ಮಿಗೆ ಅದು ತೊಡೆಗೆ ಬರುತ್ತದೆ. ಅಲ್ಲಿ ಒಂದು ಗಳಿಗೆ ಕೂಸನ್ನು ಕೂರಿಸಿಕೊಂಡವರಂತೆ ಅಪ್ಪಿ ಉಸಿರು ತೆಗೆದುಕೊಳ್ಳುತ್ತಾನೆ. ಎರಡನೇ ದಮ್ಮಿಗೆ ಹೊಟ್ಟೆಯ ಮೇಲಿಂದ ಎದೆಗೆ ಉರುಳುತ್ತದೆ. ಕಲ್ಲು ಹಾದ ದಾರಿಯುದ್ದಕ್ಕೂ ಚರ್ಮ ಕೆಂಪಗೆ ಗೀರುತ್ತದೆ. ಮೂರನೆಯದು ಹೆಗಲಿಗೆ. ಅಲ್ಲಿಂದ ಬೆನ್ನ ಹಿಂದೆ ಬಿಟ್ಟಾಗ ನೆಲ ‘ಧಡ್’ ಎನ್ನಬೇಕು. ಎನ್ನದಿದ್ದರೆ ಹಲಗೆ ಬಾರಿಸುವವನು ಆ ಕೊರತೆಯನ್ನು ತುಂಬುತ್ತಾನೆ. ತಾಂತ್ರಿಕವಾಗಿ ಹೇಳುವುದಾದರೆ ಗುಂಡು ಎತ್ತುವುದು ತೋಳಿನ ಕೆಲಸವಲ್ಲ, ಸೊಂಟದ್ದು. ಆದರೆ ಮೀಸೆ ತಿರುವಲು ಸೊಂಟದಿಂದ ಆಗದ ಕಾರಣ ಕೀರ್ತಿ ತೋಳಿಗೆ ಹೋಗಿದೆ.

ಈಗ ತೂಕ. ಅಂವ ಎತ್ತಿದ್ದು ‘ಎಂಟು ಮಣ’ ಎಂದು ಕಟ್ಟೆಯ ಸರ್ವಾನುಮತ. ಆದರೆ ಯಾವ ಮಣ? ಮುಂಬಯಿ ಮಣಕ್ಕೆ 28 ಪೌಂಡು, ಅಂದರೆ ಹನ್ನೆರಡು ಮುಕ್ಕಾಲು ಕಿಲೋಗೆ ತುಸು ಕಡಿಮೆ. ಮದರಾಸು ಮಣಕ್ಕೆ 25 ಪೌಂಡು. ಬಂಗಾಳದ ಮಣಕ್ಕೆ 82 ಪೌಂಡಿಗೂ ಮೇಲೆ, ಹೆಚ್ಚುಕಡಿಮೆ 37 ಕಿಲೋ. ಸದರಿಯವನ ಗುಂಡು ಮದರಾಸಿನಲ್ಲಿ ಸುಮಾರು 91 ಕಿಲೋ, ಮುಂಬಯಿಯಲ್ಲಿ 102, ಕಲ್ಕತ್ತಾದಲ್ಲಿ ಹತ್ತಿರ ಹತ್ತಿರ 300. ಗುಂಡು ಒಂದೇ, ಎತ್ತಿದವನೂ ಒಬ್ಬನೇ, ರೈಲು ಹತ್ತಿದರೆ ಸಾಕು, ಬಲ ಮೂರು ಪಟ್ಟು. 1958ರಿಂದ ದೇಶದಲ್ಲಿ ಕಿಲೋ ಬಂದು ಈ ಸೌಲಭ್ಯ ತಪ್ಪಿತು. ಅಂದಿನಿಂದ ಈಚೆಗೆ ಹೊಸ ಭೀಮರು ಹುಟ್ಟಿಲ್ಲ ಎಂಬ ದೂರಿಗೂ ದಶಮಾನ ಪದ್ಧತಿಗೂ ಇರುವ ಸಂಬಂಧವನ್ನು ಯಾರೂ ಗಮನಿಸಿದಂತಿಲ್ಲ.

ಬೆಳಗಾವಿ ಜಿಲ್ಲೆ ಅಂದು ಮುಂಬಯಿ ಪ್ರಾಂತ್ಯದಲ್ಲಿತ್ತಾದ್ದರಿಂದ ಮುಂಬಯಿ ಮಣವನ್ನೇ ಹಿಡಿಯುವುದು ನ್ಯಾಯ. 102 ಕಿಲೋ ಗುಂಡನ್ನು ನೆಲದಿಂದ ಹೆಗಲಿಗೆ, ಅಂದರೆ ಒಂದೂವರೆ ಮೀಟರ್ ಎತ್ತರಕ್ಕೆ ಒಯ್ದರೆ ಆದ ಕೆಲಸ ಸುಮಾರು 1,500 ಜೂಲ್. ಬಲಮೀಮಾಂಸೆಗೆ ಒಂದು ಸ್ವದೇಶಿ ಮಾನ ಬೇಕಾಗಿತ್ತು. ಇಷ್ಟು ಕೆಲಸಕ್ಕೆ ‘ಒಂದು ಗುಂಡು’ ಎಂದು ನಾವು ಹೆಸರಿಟ್ಟಿದ್ದೇವೆ.

ಹೆಸರಿಟ್ಟದ್ದೇ ತಡ, ತೊಂದರೆ ಶುರುವಾಯಿತು. ಮನೆಯ ಗೋಡೆಯ ಮೀಟರಿನಲ್ಲಿ ಒಂದು ಯೂನಿಟ್ ಕರೆಂಟು ತಿರುಗಿದರೆ 2,400 ಗುಂಡು. ಐದು ಎಚ್‌ಪಿ ಪಂಪು ಕಬ್ಬಿಗೆ ಒಂದು ತಾಸು ನೀರು ಹಾಯಿಸಿದರೆ ಸುಮಾರು ಒಂಬತ್ತು ಸಾವಿರ ಗುಂಡು. ಗೋಕಾಕ ಫಾಲ್ಸಿನಲ್ಲಿ ನದಿ 52 ಮೀಟರ್ ಕೆಳಕ್ಕೆ ಧುಮುಕುತ್ತದಲ್ಲ, ಅಲ್ಲಿ ಒಂದೊಂದು ಘನ ಮೀಟರ್ ನೀರಿಗೂ 340 ಗುಂಡು. ಆ ನೀರನ್ನು ಸಾಹೇಬರು 1880ರ ದಶಕದಲ್ಲೇ ಹತ್ತಿಗಿರಣಿಯ ಕೆಲಸಕ್ಕೆ ಹಚ್ಚಿದರು. ಸದರಿಯವನು ಜಾತ್ರೆಗೊಮ್ಮೆ ಎತ್ತುವುದನ್ನು ಘಟಪ್ರಭೆ ಮಳೆಗಾಲದಲ್ಲಿ ಕಣ್ಣು ಮಿಟುಕಿಸುವುದರೊಳಗೆ ಸಾವಿರಾರು ಸಲ ಎತ್ತಿ ಒಗೆಯುತ್ತಿದ್ದಳು, ಹಲಗೆಯವರೂ ಇಲ್ಲದೆ.

ನಾಯಕನ ಪರವಾಗಿ ಒಂದು ಮಾತು ಹೇಳಲೇಬೇಕು. ಆ 1,500 ಜೂಲನ್ನು ಅಂವ ಒಂದೇ ಸೆಕೆಂಡಿನಲ್ಲಿ ಹೊರಗೆ ಹಾಕಿದ್ದರೆ ಆ ಒಂದು ಸೆಕೆಂಡಿನ ಮಟ್ಟಿಗೆ ಅಂವ ಎರಡು ಕುದುರೆಗೆ ಸಮ. ದಿನವಿಡೀ ದುಡಿಯುವ ಮನುಷ್ಯನಿಂದ ಹೊರಡುವುದು ಸರಾಸರಿ 75 ವಾಟ್, ಅಂದರೆ ಕುದುರೆಯ ಹತ್ತನೆಯ ಒಂದು ಪಾಲು. ಮಂದಿ ಜಾತ್ರೆಗೆ ಬರುವುದು ಈ ಸೆಕೆಂಡಿಗೆ. ಉಳಿದ ದಿನದ 75 ವಾಟನ್ನು ಅವರು ತಮ್ಮ ಮನೆಯಲ್ಲಿಯೇ ನೋಡಿದ್ದಾರೆ.

ಅಧ್ಯಾಯ 3: ಹೂತ ಬಂಡಿ

ಬಂಡಿಯ ಪ್ರಸಂಗವಿಲ್ಲದ ಬಲಚರಿತ್ರೆ ಈ ಸೀಮೆಯಲ್ಲಿ ಇಲ್ಲ. ಮಳೆ ಬಂದ ಮೇಲೆ ಎರಿ ಮಣ್ಣು ಗಾಲಿಯನ್ನು ಗುಂಬದ ತನಕ ನುಂಗುತ್ತದೆ. ಎತ್ತುಗಳು ಮೊಣಕಾಲೂರುತ್ತವೆ. ಹತ್ತು ಮಂದಿ ಕೈ ಹಚ್ಚಿದರೂ ಆಗಲಿಲ್ಲ ಎನ್ನುವ ಹೊತ್ತಿಗೆ ದೂರದಲ್ಲಿ ಅಂವ ಕಾಣುತ್ತಾನೆ. ಎಲ್ಲ ಪಾಠಾಂತರಗಳಲ್ಲೂ ಅಂವ ದೂರದಲ್ಲಿಯೇ ಕಾಣುತ್ತಾನೆ, ಮತ್ತು ಎಲ್ಲಿಂದ ಬರುತ್ತಿದ್ದ ಎಂಬುದನ್ನು ಯಾವ ಪಾಠವೂ ಹೇಳುವುದಿಲ್ಲ.

ಬಂಡಿ, ಹೇರು ಸೇರಿ ಒಂದು ಟನ್ನು ಎಂದು ಇಟ್ಟುಕೊಂಡರೆ ಒಂದು ಗಾಲಿಯ ಪಾಲಿಗೆ ಅರ್ಧ ಟನ್ನು. 2020ರಲ್ಲಿ ಐಸ್‌ಲ್ಯಾಂಡಿನ ಹಾಫ್‌ಥೋರ್ ಬ್ಯೋರ್ನ್‌ಸನ್ ನೆಲದಿಂದ ಸೊಂಟದ ಎತ್ತರಕ್ಕೆ ಎತ್ತಿದ್ದು 501 ಕಿಲೋ, ಅದೂ ನೆಟ್ಟಗಿನ ಕಬ್ಬಿಣದ ಸಲಾಕೆ ಹಿಡಿದು, ಒಣ ನೆಲದ ಮೇಲೆ ನಿಂತು. ಸದರಿಯವನು ಕೆಸರಿನಲ್ಲಿ ಜಾರುವ ಕಾಲೂರಿ ಅಷ್ಟೇ ತೂಕ ಎತ್ತಿದ್ದರೆ ವಿಶ್ವದಾಖಲೆ ಎಂದೋ ನಮ್ಮ ಎರಿ ಹೊಲದಲ್ಲಿ ಆಗಿಹೋಗಿದೆ, ನೋಂದಣಿ ಒಂದು ಬಾಕಿ.

ಬಂಡಿ ಹೊಡೆದು ಗೊತ್ತಿರುವವರು ಇದಕ್ಕೆ ನಗುತ್ತಾರೆ. ಹೂತ ಬಂಡಿಯನ್ನು ಯಾರೂ ಎತ್ತುವುದಿಲ್ಲ, ಗಾಲಿಯನ್ನು ಉರುಳಿಸುತ್ತಾರೆ. ಗಾಲಿ ನೆಲಕ್ಕೆ ತಾಗಿದ ಜಾಗವೇ ಮೀಟುಗೋಲಿನ ಆನಿಕೆ. ಅಚ್ಚು ಇರುವುದು ಅಲ್ಲಿಂದ ಗಾಲಿಯ ಅರ್ಧ ಎತ್ತರದಲ್ಲಿ. ಹೀಗಾಗಿ ಗಾಲಿಯ ನೆತ್ತಿಯ ಹತ್ತಿರ ಪಟ್ಟೆಗೆ ಅಂಗೈ ಕೊಟ್ಟು ದೂಡಿದವನ ಬಲ ಅಚ್ಚಿನಲ್ಲಿ ಎರಡು ಪಟ್ಟಾಗಿ ಬೀಳುತ್ತದೆ. ಹತ್ತು ಮಂದಿ ಬಂಡಿಯ ಹಿಂದೆ ನಿಂತು ಹಲಗೆಗೆ ಕೈಯೂರಿ ಒದ್ದಾಡುತ್ತಿದ್ದಾಗ ಅಂವ ಬಂದು ಗಾಲಿಗೆ ಕೈ ಹಾಕಿದ. ಅಂವನಲ್ಲಿ ಹೆಚ್ಚಿಗೆ ಇದ್ದದ್ದು ಮಾಂಸವೋ ತಿಳಿವಳಿಕೆಯೋ? ಈ ಪ್ರಶ್ನೆ ಕೇಳಿದ್ದಕ್ಕೆ ಒಂದು ಕಟ್ಟೆಯಲ್ಲಿ ನಮಗೆ ಎರಡನೇ ಚಹಾ ಸಿಗಲಿಲ್ಲ. ಅಂವ ಶಾಣ್ಯಾ ಇದ್ದ ಎಂದರೆ ಅಭಿಮಾನಿಗಳಿಗೆ ಅವಮಾನವಾಗುತ್ತದೆ.

ಬಂಡಿ ಯಾರದು ಎಂಬುದೂ ಕೇಳಬೇಕಾದ ಪ್ರಶ್ನೆ. ಒಂದು ಪಾಠದಲ್ಲಿ ಗೌಡರದು. ಇನ್ನೊಂದರಲ್ಲಿ ಸಾಹುಕಾರನದು. ಮತ್ತೊಂದರಲ್ಲಿ ಇನಾಮದಾರರದು, ಮದುವೆಯ ದಿಬ್ಬಣದ ಸಮೇತ. ಸದರಿಯವನ ಸ್ವಂತ ಬಂಡಿ ಹೂತ ಪಾಠ ನಮಗೆ ದೊರೆತಿಲ್ಲ. ಅಂವನಿಗೆ ಬಂಡಿ ಇದ್ದಂತೆಯೇ ಇಲ್ಲ. ಸಂಭಾವನೆ ಏನು ಸಿಕ್ಕಿತು? ‘ಶಭಾಷ್’ ಸಿಕ್ಕಿತು. ಉದಾರ ಪಾಠಗಳಲ್ಲಿ ಒಂದು ಧೋತರ. ಬಹುಪಾಲು ಪಾಠಗಳಲ್ಲಿ ಊಟ. ಕಲ್ಯಾಣದ ಚಾಳುಕ್ಯ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ ಎಂಬ ಭಾಗವೇ ಇದೆ. ಜಟ್ಟಿಗಳಿಗೆ ದರ್ಜೆ ಹೇಗೆ ಕಟ್ಟಬೇಕು, ತಾಲೀಮು ಹೇಗೆ ಮಾಡಿಸಬೇಕು, ಏನು ತಿನ್ನಿಸಬೇಕು ಎಂದೆಲ್ಲ ಅದರಲ್ಲಿ ವಿವರವಿದೆ. ಮಲ್ಲರ ಖರ್ಚು ಅರಮನೆಯದು. ನೂರಾರು ವರ್ಷ ಕೆಳಗೆ ಜಾರಿ ಊರಿಗೆ ಬರುವ ಹೊತ್ತಿಗೆ ದರ್ಜೆ ಹೋಯಿತು, ಸಂಬಳ ಹೋಯಿತು, ತಿನ್ನಿಸುವುದೊಂದು ಉಳಿಯಿತು. ಜನಪದವೂ ಅದನ್ನಷ್ಟೇ ನೆನಪಿಟ್ಟುಕೊಂಡಿದೆ.

ಅಧ್ಯಾಯ 4: ಕರು ಎತ್ತಿ ಎತ್ತಿ

ಹುಟ್ಟಿದ ಕರುವನ್ನು ದಿನಾ ಬೆಳಿಗ್ಗೆ ಎತ್ತಿದವನು ಅದು ಎತ್ತಾದ ಮೇಲೂ ಎತ್ತಿದ ಎಂಬ ಕತೆ ಪ್ರಾಚೀನ ಕ್ರೋಟನ್ನಿನ ಮೈಲೋ ಎಂಬ ಜಟ್ಟಿಗೂ ಇದೆ, ನಮ್ಮವನಿಗೂ ಇದೆ. ಯಾರು ಯಾರಿಂದ ಎರವಲು ತಂದರು ಎಂಬ ಜಗಳಕ್ಕೆ ನಾವಿಲ್ಲ. ಕರು ಎಲ್ಲಿದ್ದರೂ ಬೆಳೆಯುತ್ತದೆ. ಖಿಲಾರಿ ಕರು 20 ಕಿಲೋದಿಂದ ಶುರುವಾಗಿ ನಾಲ್ಕು ವರ್ಷಕ್ಕೆ 450ರ ಹತ್ತಿರ ಮುಟ್ಟುತ್ತದೆ ಎಂದುಕೊಂಡರೆ ದಿನಕ್ಕೆ ಏರುವುದು ಸುಮಾರು 300 ಗ್ರಾಂ. ನಿನ್ನೆ ಎತ್ತಿದವನಿಗೆ ಇಂದು ಮುನ್ನೂರು ಗ್ರಾಂ ಹೆಚ್ಚಿಗೆ ಎತ್ತಲಾಗದೇ? ತರ್ಕ ನಿರ್ದುಷ್ಟ. ಆದರೆ ಮನುಷ್ಯನೊಬ್ಬ ಒಲಿಂಪಿಕ್ ಶೈಲಿಯಲ್ಲಿ ತಲೆಯ ಮೇಲೆ ಎತ್ತಿದ ಅತಿ ಹೆಚ್ಚಿನ ತೂಕ ಜಾರ್ಜಿಯಾದ ತಲಖಾಡ್ಜೆಯದು, 2021ರಲ್ಲಿ, 267 ಕಿಲೋ. ಆ ಲೆಕ್ಕದಲ್ಲಿ ಸದರಿಯವನ ಕರು ಎರಡು ವರ್ಷ ಮೂರು ತಿಂಗಳು ತುಂಬುವ ಹೊತ್ತಿಗೆ ಜಗತ್ತನ್ನು ದಾಟಿಹೋಗುತ್ತದೆ. ಆಮೇಲಿನ ಬೆಳಿಗ್ಗೆಗಳಲ್ಲಿ ಏನು ನಡೆಯಿತೆಂದು ಹೇಳಬೇಕಾದದ್ದು ಕರು. ಅದು ಯಾವತ್ತೂ ಎತ್ತಿಸಿಕೊಳ್ಳಲು ಸುಮ್ಮನೆ ನಿಂತಿತ್ತು ಎಂಬ ಪೂರ್ವಕಲ್ಪನೆಯೇ ದನ ಕಟ್ಟಿದವರಿಗೆ ಅನುಮಾನ ಹುಟ್ಟಿಸುವಂಥದು.

ಅಧ್ಯಾಯ 5: ಆಹಾರ ಪ್ರಕರಣ

ಗೋಕಾಕ ಎಂದರೆ ಬೆಂಗಳೂರಿನವರಿಗೆ ಒಂದು ವರದಿ, ಉಳಿದ ಜಗತ್ತಿಗೆ ಕರದಂಟು. ಬಲದ ಮೂಲ ಕರದಂಟೇ ಎಂದು ಒಂದು ಪಂಥ ವಾದಿಸುತ್ತದೆ. ಕರಿದ ಅಂಟು, ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಬಾದಾಮಿ. ಯಾವುದನ್ನೂ ದುರ್ಬಲ ಎನ್ನಲಾಗದು. ಆದರೆ ಅಂಟಿನ ಉಂಡಿಯನ್ನು ಈ ಸೀಮೆಯಲ್ಲಿ ಮೊದಲು ಕೊಡುವುದು ಬಾಣಂತಿಗೆ. ಒಂದೇ ಪದಾರ್ಥ ಗರಡಿಮನೆಗೂ ಹೋಗುತ್ತದೆ, ಬಾಣಂತಿ ಕೋಣೆಗೂ ಹೋಗುತ್ತದೆ. ಒಂದು ಕಡೆಯಿಂದ ಮಾತ್ರ ದಂತಕತೆ ಹೊರಬರುತ್ತದೆ, ಇನ್ನೊಂದು ಕಡೆಯಿಂದ ಕೂಸು. ಈ ವಿಚಿತ್ರವನ್ನು ಕರದಂಟು ಪಂಥ ವಿವರಿಸಿಲ್ಲ.

ರೊಟ್ಟಿ ಪಂಥ ಹೆಚ್ಚು ಬಲವಾದದ್ದು. ರೊಟ್ಟಿಗೆ 100 ಗ್ರಾಂ ಜೋಳದ ಹಿಟ್ಟಿನಂತೆ ನಲವತ್ತು ರೊಟ್ಟಿಗೆ ನಾಲ್ಕು ಕಿಲೋ, ಅದರಲ್ಲಿ ಸುಮಾರು 14,000 ಕಿಲೋಕ್ಯಾಲರಿ. ಮೈಮುರಿದು ದುಡಿಯುವ ಗಂಡಾಳಿಗೆ ದಿನಕ್ಕೆ ಮೂರೂವರೆ ಸಾವಿರ ಸಾಕು, ಅಂದರೆ ಅಂವ ಒಂದೇ ಕೂತಕ್ಕೆ ನಾಲ್ಕು ದಿನ ಉಂಡ. ಇಷ್ಟೂ ಗುಂಡು ಎತ್ತಲು ಬೇಕಾಯಿತೇ? ಒಂದು ಗುಂಡಿನ ಕೆಲಸ 1,500 ಜೂಲ್, ಅಂದರೆ ಅರ್ಧ ಕಿಲೋಕ್ಯಾಲರಿಗಿಂತ ಕಡಿಮೆ. ಮೈ ತಿಂದದ್ದರಲ್ಲಿ ಐದರಲ್ಲೊಂದು ಪಾಲು ಮಾತ್ರ ಕೆಲಸಕ್ಕಿಳಿಯುತ್ತದೆ ಎಂದು ಹಿಡಿದರೂ ಎರಡು ಕಿಲೋಕ್ಯಾಲರಿ ದಾಟುವುದಿಲ್ಲ. ಅದಕ್ಕೆ ಬೇಕಾದ ಜೋಳದ ಹಿಟ್ಟು ಅರ್ಧ ಗ್ರಾಂ. ರೊಟ್ಟಿ ಬಡಿಯುವಾಗ ಕೊಣಮಿಗೆಯ ಅಂಚಿಗೆ ಅಂಟಿ ಉಳಿಯುವುದು ಅದಕ್ಕಿಂತ ಹೆಚ್ಚು. ಉಳಿದ ಮೂರು ಸಾವಿರದ ಒಂಬೈನೂರ ತೊಂಬತ್ತೊಂಬತ್ತೂವರೆ ಗ್ರಾಂ ಎಲ್ಲಿಗೆ ಹೋಯಿತು ಎಂಬುದು ಭೌತವಿಜ್ಞಾನ ಉತ್ತರಿಸಬೇಕಾದ ಪ್ರಶ್ನೆ ಅಲ್ಲ.

ಹಿಟ್ಟು ಆಕಾಶದಿಂದ ಬೀಳಲಿಲ್ಲ. ಗಿರಣಿ ಬರುವ ಮುಂಚೆ ನಾಲ್ಕು ಕಿಲೋ ಜೋಳ ಬೀಸುವ ಕಲ್ಲಿನಲ್ಲಿ ಹಾಯಬೇಕಿತ್ತು. ಕೋಳಿ ಕೂಗುವ ಮುಂಚೆ ಎದ್ದು, ಗೂಟ ಹಿಡಿದು, ಒಂದು ಕಾಲು ಚಾಚಿ ಕೂತು ಬೀಸಬೇಕಿತ್ತು. ಬೀಸುವಾಕೆಯ ಬಲವನ್ನು ತೀರ ಕೈ ಬಿಗಿಹಿಡಿದು 50 ವಾಟ್ ಎಂದೂ, ಹೊತ್ತನ್ನು ಎರಡು ತಾಸು ಎಂದೂ ಹಿಡಿದರೆ ಕೆಲಸ 3,60,000 ಜೂಲ್ ಆಗುತ್ತದೆ. ನಮ್ಮ ಮಾನದಲ್ಲಿ ಹೇಳುವುದಾದರೆ 240 ಗುಂಡು. ಸದರಿಯವನು ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಹಲಗೆ ಬಾರಿಸಿಕೊಂಡು ಒಂದು ಸಲ ಎತ್ತಿದ್ದನ್ನು ಅಂವನ ಮನೆಯಾಕೆ ಆ ದಿನ ಬೆಳಕು ಹರಿಯುವುದರೊಳಗೆ 240 ಸಲ ಎತ್ತಿ ಇಳಿಸಿದ್ದಳು. ಆಮೇಲೆ ಒಲೆಯ ಮುಂದೆ ಕೂತಳು. ರೊಟ್ಟಿಗೆ ಎರಡು ನಿಮಿಷವೆಂದರೂ ಎಂಬತ್ತು ನಿಮಿಷ, ಹೊಗೆ ಬೇರೆ. ನೀರು ತಂದದ್ದನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ. ಪ್ರಬಂಧದ ಪುಟಮಿತಿ ಅಡ್ಡ ಬಂತು.

ಈ ಹಂತದಲ್ಲಿ ಕ್ಷೇತ್ರಕಾರ್ಯ ಒಂದು ಅನಿರೀಕ್ಷಿತ ತಿರುವು ಪಡೆಯಿತು. ನಾವು ಕಟ್ಟೆಯ ಮೇಲೆ ನಲವತ್ತು ರೊಟ್ಟಿಯ ಲೆಕ್ಕ ಬರೆದುಕೊಳ್ಳುತ್ತಿದ್ದಾಗ ಪಕ್ಕದ ಪಡಸಾಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅಜ್ಜಿಯೊಬ್ಬಳು ತಲೆ ಎತ್ತದೆ ಹೇಳಿದಳು: ‘ನಲವತ್ತ ಅಲ್ಲೋ, ಹದಿನೆಂಟ. ಬಡದಾಕಿ ನಮ್ಮತ್ತಿ. ಆಕೀಗೆ ಲೆಕ್ಕ ಇರ್ತಿತ್ತು.’

ಇಡೀ ಪ್ರಬಂಧದಲ್ಲಿ ಎಣಿಸಿದವರ ಬಾಯಿಂದ ನೇರವಾಗಿ ಇಳಿದುಬಂದ ಸಂಖ್ಯೆ ಇದೊಂದೇ. ಉಳಿದ ಎಲ್ಲ ಅಂಕಿಗಳನ್ನೂ ಕೇಳಿದವರು ಹೇಳಿದ್ದಾರೆ, ಮಾಡಿದವರಲ್ಲ. ಹದಿನೆಂಟನ್ನು ಒಪ್ಪಿದರೆ ಬೀಸುವ ಲೆಕ್ಕ 240ರಿಂದ 108 ಗುಂಡಿಗೆ ಇಳಿಯುತ್ತದೆ. ಕಟ್ಟೆಯ ಹಿರಿಯರು ಒಪ್ಪಲಿಲ್ಲ. ‘ಹೆಣ್ಮಕ್ಕಳು ಕಡಿಮಿ ಹೇಳ್ತಾರ್ರಿ, ನೆದರ ಆಕ್ಕೈತಿ ಅಂತ’ ಎಂದು ಒಬ್ಬರು ಸಮಾಧಾನ ಹೇಳಿದರು.

ಅಧ್ಯಾಯ 6: ಮರಣ

ಸದರಿಯವನನ್ನು ಯಾರೂ ಸೋಲಿಸಲಿಲ್ಲ. ನೆದರು ತಾಗಿ ಸತ್ತ. ಮೈಲೋ ಮರದ ದಿಮ್ಮಿಯನ್ನು ಕೈಯಲ್ಲಿ ಸೀಳಲು ಹೋಗಿ ಸಿಕ್ಕಿಕೊಂಡು ತೋಳಗಳ ಪಾಲಾದ ಎಂದು ಗ್ರೀಕರು ಹೇಳಿಕೊಂಡಿದ್ದಾರೆ. ನಮ್ಮ ಕಡೆ ತೋಳ ಬೇಕಾಗಲಿಲ್ಲ, ನೆರೆಮನೆಯವರು ಸಾಕಾಯಿತು.

ಅಧ್ಯಾಯ 7: ಸ್ಮಾರಕ ಮತ್ತು ಇತರ ಚಿಲ್ಲರೆ

ಯೂರೋಪಿನ ಯೂಜೆನ್ ಸ್ಯಾಂಡೊ ಎದೆ ತೋರಿಸಿ ಜಗತ್ತು ಸುತ್ತಿದ, 20ನೇ ಶತಮಾನದ ಆರಂಭದಲ್ಲಿ ಭಾರತಕ್ಕೂ ಬಂದು ಹೋದ. ಇಂದು ಅಂವನ ಹೆಸರು ಉಳಿದಿರುವುದು ತೋಳಿಲ್ಲದ ಬನಿಯನ್ನಿನಲ್ಲಿ. ಅದನ್ನು ತೊಡುವವರಲ್ಲಿ ಬಹುಪಾಲು ಮಂದಿಗೆ ಎತ್ತುವ ಅಭ್ಯಾಸವಿರುವುದು ಚಹಾದ ಲೋಟವನ್ನು. ಬೆಂಗಳೂರಿನ ಕೆ.ವಿ. ಅಯ್ಯರ್ ಮೈ ಕಟ್ಟುವುದನ್ನೂ ಕಾದಂಬರಿ ಕಟ್ಟುವುದನ್ನೂ ಒಂದೇ ಜನ್ಮದಲ್ಲಿ ಮಾಡಿ ತಮ್ಮ ಚರಿತ್ರೆಯನ್ನು ಪರರ ಬಾಯಿಗೆ ಬಿಡಲಿಲ್ಲ. ಸದರಿಯವನಿಗೆ ಬನಿಯನ್ನೂ ಇಲ್ಲ, ಕಾದಂಬರಿಯೂ ಇಲ್ಲ. ಇರುವುದು ಆ ಗುಂಡು ಒಂದೇ. ಅದು ಯಾವುದು ಎಂಬುದರಲ್ಲಿ ಮೂರು ಮತ: ಗುಡಿಯ ಮುಂದಿನದು, ಹಾಳು ಗರಡಿಯ ಹಿಂದಿನದು, ಹಾಗೂ ಬಟ್ಟೆ ಒಗೆಯಲು ಹಳ್ಳಕ್ಕೆ ಹೋದದ್ದು. ಮೂರನೆಯದನ್ನು ನಾವು ಒಲವಿನಿಂದ ಬೆಂಬಲಿಸುತ್ತೇವೆ.

ಈ ಸೀಮೆ ಬಲವನ್ನು ಬರೀ ಕೈಮುಗಿದು ಒಪ್ಪಿಕೊಂಡಿದೆ ಎಂದೇನೂ ತಿಳಿಯಬಾರದು. ಮೂಡಲಗಿ ತಾಲೂಕಿನ ಕುಲಗೋಡದ ತಮ್ಮಣ್ಣನಿಂದ ಆಟವಾಗಿ ಬೆಳೆದ ಶ್ರೀಕೃಷ್ಣ ಪಾರಿಜಾತವನ್ನು ರಾತ್ರಿಯಿಡೀ ನೋಡಿದವರಿಗೆ ಗೊತ್ತು. ಕಿರುಬೆರಳಿನಲ್ಲಿ ಗೋವರ್ಧನ ಎತ್ತಿದ ದೇವರು ಒಂದೇ ಒಂದು ಹೂವನ್ನು ಒಬ್ಬಳ ಮನೆಯಲ್ಲಿಟ್ಟು ಇನ್ನೊಬ್ಬಳ ಬಾಗಿಲಲ್ಲಿ ಬೆಳಗಿನ ತನಕ ಬೈಸಿಕೊಳ್ಳುತ್ತಾನೆ. ಪಾರಿಜಾತದ ಹೂವಿನ ತೂಕವನ್ನು ಗುಂಡಿನ ಮಾನದಲ್ಲಿ ಹೇಳಲು ನಮ್ಮಲ್ಲಿರುವ ದಶಮಾಂಶಗಳು ಸಾಲವು.

ಮೌಖಿಕ ಪರೀಕ್ಷೆ

ನಿಯಮದಂತೆ ಪ್ರಬಂಧವನ್ನು ವಿದ್ವತ್ ಸಭೆಯ ಮುಂದೆ, ಅಂದರೆ ಕಟ್ಟೆಯ ಮುಂದೆ, ಓದಲಾಯಿತು. ಮಣದ ಅಧ್ಯಾಯಕ್ಕೆ ತಲೆಯಾಡಿತು, ಕಲ್ಕತ್ತಾದ ಮಣವನ್ನೇ ಇಟ್ಟುಕೊಳ್ಳಬಹುದಲ್ಲ ಎಂಬ ಸಲಹೆ ಬಂತು. ಗಾಲಿಯ ಅಧ್ಯಾಯದಲ್ಲಿ ಇಬ್ಬರು ಎಲೆಅಡಿಕೆ ಉಗುಳಲು ಎದ್ದು ಹೋದರು. ಬೀಸುವ ಕಲ್ಲಿನ ಭಾಗ ಓದುವಾಗ ಮಾತ್ರ ನಿಶ್ಶಬ್ದವಾಗಿತ್ತು, ಎಲ್ಲರೂ ಕಿವಿ ಕೊಟ್ಟಿದ್ದರು, 240 ಎಂದಾಗ ‘ಎಷ್ಟ?’ ಎಂದು ಹಿಂದಿನವರು ಎರಡು ಸಲ ಕೇಳಿದರು. ಬಲಮೀಮಾಂಸೆ ಜನರನ್ನು ಮುಟ್ಟಿತು ಎಂದು ನಮಗೆ ತೃಪ್ತಿಯಾಯಿತು.

ಮುಂದೆ ಘಟಪ್ರಭಾ ಸ್ಟೇಷನ್ನಿಗೆ ಹೋಗುವ ಬಸ್ಸಿನಲ್ಲಿ ಹಿಂದಿನ ಸೀಟಿನ ಒಬ್ಬ ಹುಡುಗ ತನ್ನ ಗೆಳೆಯನಿಗೆ ಹೇಳುತ್ತಿದ್ದ: ‘ಸುಮ್ಕ ಅಲ್ಲಲೇ, ಯಾರೋ ಸಂಶೋಧಕರು ಬಂದು ಲೆಕ್ಕ ತಗದು ಬರಕೊಂಡು ಹೋಗ್ಯಾರ. ಕೋಳಿ ಕೂಗೂದ್ರೊಳಗ ಆ ಗುಂಡ ಇನ್ನೂರಾ ನಲವತ್ತ ಸಲ ಎತ್ತಿದ್ನಂತ. ನಮ್ಮಪ್ಪ ಕೇಳ್ಯಾನ.’